ಹಳ್ಳಿ ಚರ್ಚಿನ ಕಲ್ಲು ಕೆತ್ತನೆ ನೋಡೋರಿಗೆ ಒಂದು ಸಲಹೆ

ಇಂಗ್ಲೆಂಡಿನ ಹೆರೆಫರ್ಡ್ ಕಡೆ ಹೋಗುವವರು ಕಿಲ್ಪೆಕ್ ಹಳ್ಳಿಯ ಪುಟ್ಟ ಚರ್ಚನ್ನು ಖಂಡಿತ ನೋಡಿ. ಸುಮಾರು 1140ರಲ್ಲಿ ಕೆಂಪು ಮರಳುಗಲ್ಲಿನಲ್ಲಿ ಕಟ್ಟಿದ್ದು. ಆದರೆ ನೇರ ಒಳಗೆ ಹೋಗಬೇಡಿ. ಮೊದಲು ಹೊರಗೆ ಪೂರ್ತಿ ಒಂದು ಸುತ್ತು ಹಾಕಿ, ತಲೆ ಎತ್ತಿಕೊಂಡು.

ಸೂರಿನ ಕೆಳಗೆ ಗೋಡೆಯಿಂದ ಚಾಚಿಕೊಂಡ ಕಲ್ಲುಗಳಿವೆ, 80ಕ್ಕೂ ಜಾಸ್ತಿ. ಒಂದೊಂದರಲ್ಲೂ ಒಂದೊಂದು ಕೆತ್ತನೆ. ಪಕ್ಕಪಕ್ಕ ಕೂತ ನಾಯಿ ಮತ್ತು ಮೊಲವನ್ನು ಹುಡುಕಿ, ಮಕ್ಕಳಿಗೂ ತುಂಬಾ ಇಷ್ಟವಾಗುತ್ತದೆ. ಇವು ಎತ್ತರದಲ್ಲಿವೆ, ಹಾಗಾಗಿ ಬೈನಾಕ್ಯುಲರ್ ಬೇಕೇ ಬೇಕು. ಫೋನಿನ ಝೂಮ್ ಸಾಲುವುದಿಲ್ಲ.

ದಕ್ಷಿಣದ ಬಾಗಿಲಿಗೆ ಮಾತ್ರ ಅರ್ಧ ಗಂಟೆ ಇಟ್ಟುಕೊಳ್ಳಿ. ಬಾಗಿಲ ಮೇಲಿನ ಅರ್ಧಚಂದ್ರದ ಕಲ್ಲಿನಲ್ಲಿ ಬಳ್ಳಿಯಂಥ ಮರ, ಪಕ್ಕದ ಕಂಬಗಳಲ್ಲಿ ಹಾವುಗಳು, ಬಳ್ಳಿಗಳ ನಡುವೆ ಸಿಕ್ಕಿಕೊಂಡ ಯೋಧರು. ಅವರ ಬಟ್ಟೆಯ ಗೆರೆಗಳು ಇವತ್ತಿಗೂ ಕಾಣುತ್ತವೆ! ಎಷ್ಟು ತಾಳ್ಮೆಯ ಕೈ ಅದು, ಅಲ್ವಾ? ಕೆತ್ತಿದವರ ಹೆಸರು ಯಾರಿಗೂ ಗೊತ್ತಿಲ್ಲ ಅನ್ನುವುದೇ ನನಗೆ ಬೇಜಾರು.

ಬೆಳಕು ಮುಖ್ಯ. ನೆತ್ತಿಯ ಬಿಸಿಲಿಗಿಂತ ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಉಬ್ಬುತಗ್ಗು ಚೆನ್ನಾಗಿ ಎದ್ದು ಕಾಣುತ್ತದೆ. ಒಳಗೆ ಕತ್ತಲಿದ್ದರೆ ಸಣ್ಣ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಎದುರಿನಿಂದ ಬೇಡ. ಎದುರು ಬೆಳಕಿಗೆ ನೆರಳೇ ಬೀಳುವುದಿಲ್ಲ, ಕೆತ್ತನೆ ಚಪ್ಪಟೆಯಾಗಿಬಿಡುತ್ತದೆ. ಪ್ರಾರ್ಥನೆ ನಡೆಯುತ್ತಿದ್ದರೆ ಹೊರಗೇ ಕಾಯಿರಿ.

ದಯವಿಟ್ಟು ಕಲ್ಲನ್ನು ಸವರಬೇಡಿ. ಎಲ್ಲರೂ ಮುಟ್ಟುತ್ತಾ ಹೋದರೆ ಕೆತ್ತನೆ ಸವೆಯುತ್ತದೆ.

ಸಮಯ ಉಳಿದರೆ ಅದೇ ಜಿಲ್ಲೆಯ ಅರ್ಡಿಸ್ಲಿ ಚರ್ಚಿಗೂ ಹೋಗಿ. ಅಲ್ಲಿನ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿಯ ಮೇಲೆ ಇಬ್ಬರು ಯೋಧರು ಕಾದಾಡುತ್ತಿದ್ದಾರೆ. ಅದನ್ನೂ ಸುತ್ತ ನಡೆದೇ ನೋಡಬೇಕು.