ಹದಿಹರೆಯದಲ್ಲೇ ಮೊದಲ ಪುಸ್ತಕ: ನೀವೇ ಪ್ರಕಟಿಸುವುದು ಹೇಗೆ?

ಕೊನೆಯ ಸಾಲು ಬರೆದು ಮುಗಿಸಿದ ರಾತ್ರಿ ನಿದ್ದೆ ಬರುವುದಿಲ್ಲ. ನಾಳೆಯೇ ಪುಸ್ತಕ ಹೊರಗೆ ಬಂದುಬಿಡಲಿ ಅನಿಸುತ್ತದೆ. ಈಗ ಅದು ಕಷ್ಟವೂ ಅಲ್ಲ. ಫೈಲ್ ಅಪ್‌ಲೋಡ್ ಮಾಡಿದ ಕೆಲವೇ ದಿನಗಳಲ್ಲಿ ಪುಸ್ತಕ ಮಾರಾಟಕ್ಕೆ ಬರುತ್ತದೆ. ಹದಿನೈದು, ಹದಿನಾರರ ಲೇಖಕರಿಗೆ ನಾನು ಮೊದಲು ಹೇಳುವುದು ಇಷ್ಟೇ: ಸ್ವಲ್ಪ ತಡೆಯಿರಿ. ಬರೆದು ಮುಗಿಸುವುದಕ್ಕೂ ಪ್ರಕಟಿಸುವುದಕ್ಕೂ ನಡುವೆ ಕೆಲವು ತಿಂಗಳು ಇರಲಿ. ಓದುಗರು ಕೊನೆಯವರೆಗೂ ಓದುವ ಪುಸ್ತಕ ತಯಾರಾಗುವುದು ಆ ತಿಂಗಳುಗಳಲ್ಲೇ.

ಹಸ್ತಪ್ರತಿ ಮಾಗಲಿ

ಮೂರು ನಾಲ್ಕು ವಾರ ಹಸ್ತಪ್ರತಿಯನ್ನು ಮುಟ್ಟಬೇಡಿ. ಆಮೇಲೆ ಪ್ರಿಂಟ್ ತೆಗೆದು, ಕೈಯಲ್ಲಿ ಪೆನ್ನು ಹಿಡಿದು, ಜೋರಾಗಿ ಓದಿ. ಕಣ್ಣಿಗೆ ಬೀಳದ ತಪ್ಪು ನಾಲಿಗೆಗೆ ತಡೆಯುತ್ತದೆ. ಓದುವಾಗ ಉಸಿರು ಕಟ್ಟಿದರೆ ಆ ವಾಕ್ಯ ಉದ್ದವಾಯಿತು ಅಂತಲೇ ತಿಳಿಯಿರಿ. ನಿಮಗೇ ಬೇಜಾರಾಗಿ ಪುಟ ಹಾರಿಸೋಣ ಅನಿಸಿದ ಕಡೆ ಕತ್ತರಿ ಹಾಕಿ. ಪಾತ್ರಗಳ ಹೆಸರು, ವಯಸ್ಸು, ಸಂಬಂಧ, ನೀವು ಬಳಸುವ ಕಾಗುಣಿತ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಮೂರನೇ ಅಧ್ಯಾಯದಲ್ಲಿ ತಂಗಿಯಾಗಿದ್ದವಳು ಹನ್ನೊಂದನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅಕ್ಕನಾಗಿರುವುದು ಮೊದಲ ಹಸ್ತಪ್ರತಿಗಳಲ್ಲಿ ತೀರಾ ಸಾಮಾನ್ಯ.

ಮುಂದೆ, ಮೂರರಿಂದ ಐದು ಮಂದಿಗೆ ಓದಲು ಕೊಡಿ. ಎಲ್ಲರೂ ಗೆಳೆಯರೇ ಆಗಿರಬಾರದು. 'ಹೇಗಿದೆ?' ಅಂತ ಕೇಳಿದರೆ 'ಚೆನ್ನಾಗಿದೆ' ಅಂದುಬಿಡುತ್ತಾರೆ. ಅದರಿಂದ ಏನೂ ಸಿಗುವುದಿಲ್ಲ ಅಲ್ವಾ? ಹೀಗೆ ಕೇಳಿ: ಎಲ್ಲಿ ಓದು ನಿಲ್ಲಿಸಿ ಎದ್ದಿರಿ? ಯಾರು ಯಾರೆಂದು ಎಲ್ಲಿ ಗೊಂದಲವಾಯಿತು? ಮುಂದಾಗುವುದು ಎಲ್ಲಿ ಮೊದಲೇ ಗೊತ್ತಾಯಿತು? ಇಬ್ಬರು ಒಂದೇ ಜಾಗ ತೋರಿಸಿದರೆ ಅಲ್ಲಿ ತೊಂದರೆ ಇದ್ದೇ ಇದೆ. ಅದನ್ನು ಹೇಗೆ ಸರಿಮಾಡಬೇಕು ಅನ್ನುವುದು ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಕೊನೆಗೆ, ಭಾಷೆ ಚೆನ್ನಾಗಿ ಬಲ್ಲ ಒಬ್ಬರಿಂದ ಕರಡು ತಿದ್ದಿಸಿ. ಕೈಯಲ್ಲಿ ಸ್ವಲ್ಪವೇ ಹಣವಿದ್ದರೆ ಅದನ್ನು ಖರ್ಚು ಮಾಡಬೇಕಾದ ಮೊದಲ ಜಾಗ ಇದು. ಮುಖಪುಟ ಎರಡನೆಯದು. ಜಾಹೀರಾತು ಬೇಡವೇ ಬೇಡ.

ದೊಡ್ಡವರ ಸಹಿ

ಬರೆದ ಕ್ಷಣದಿಂದಲೇ ಕೃತಿಯ ಹಕ್ಕು ನಿಮ್ಮದು, ವಯಸ್ಸು ಎಷ್ಟೇ ಇರಲಿ. ಕೃತಿಗಳ ಹಕ್ಕು ಕಾಯಲು ದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ಕಡೆಗಳಲ್ಲಿ ನೋಂದಣಿ ಮಾಡಿಸದೆಯೂ ಹಕ್ಕು ಹುಟ್ಟುತ್ತದೆ. ಆದರೆ ಪ್ರಕಟಣೆಯ ಕರಾರಿಗೆ ಸಹಿ ಹಾಕುವುದು ಬೇರೆ ಮಾತು. ಅಮೆಜಾನ್‌ನ ಕಿಂಡಲ್ ಡೈರೆಕ್ಟ್ ಪಬ್ಲಿಷಿಂಗ್, ಅಂದರೆ ಲೇಖಕರೇ ಪುಸ್ತಕ ಪ್ರಕಟಿಸುವ ಸೇವೆಯಾದ ಕೆಡಿಪಿ, ಖಾತೆದಾರರಿಗೆ 18 ವರ್ಷ ತುಂಬಿರಬೇಕು ಅನ್ನುತ್ತದೆ. ಅದಕ್ಕಿಂತ ಚಿಕ್ಕವರಾದರೆ ಅಪ್ಪ, ಅಮ್ಮ ಅಥವಾ ಪೋಷಕರು ಖಾತೆ ತೆರೆಯಬೇಕು. ಸುಳ್ಳು ವಯಸ್ಸು ಕೊಟ್ಟರೆ ಖಾತೆಯೂ ಹೋಗಬಹುದು, ಬರಬೇಕಾದ ಹಣವೂ ನಿಲ್ಲಬಹುದು. ಬ್ಯಾಂಕ್ ಮತ್ತು ತೆರಿಗೆಯ ವಿವರವೂ ಅವರ ಹೆಸರಿನಲ್ಲೇ ಇರುವುದರಿಂದ, ಬಂದ ಹಣ ಏನು ಮಾಡುವುದು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಇ-ಪುಸ್ತಕಕ್ಕೆ ಕೆಡಿಪಿ ಸೆಲೆಕ್ಟ್ ಅನ್ನುವ ಆಯ್ಕೆ ಕಾಣಿಸುತ್ತದೆ. ಅದಕ್ಕೆ ಹೂಂ ಅಂದರೆ 90 ದಿನ ಆ ಇ-ಪುಸ್ತಕವನ್ನು ಬೇರೆಲ್ಲೂ ಕೊಡುವಂತಿಲ್ಲ, ನಿಮ್ಮದೇ ವೆಬ್‌ಸೈಟಿನಲ್ಲೂ ಇಲ್ಲ. ಓದದೆ ಟಿಕ್ ಮಾಡಬೇಡಿ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಎರಡು ಸಲ ಓದಿ. 'ನಿಮ್ಮ ಕೃತಿ ಆಯ್ಕೆಯಾಗಿದೆ, ಪ್ಯಾಕೇಜ್ ಹಣ ಕಟ್ಟಿ' ಎಂಬ ಮೇಲ್ ಬರುತ್ತದೆ. ಹದಿಹರೆಯದವರ ಆಸೆಯನ್ನು ನಂಬಿಯೇ ಇಂಥ ವ್ಯವಹಾರ ನಡೆಯುತ್ತದೆ. ನಿಜವಾದ ಪ್ರಕಾಶಕರು ಲೇಖಕರಿಗೆ ಹಣ ಕೊಡುತ್ತಾರೆ, ಲೇಖಕರಿಂದ ಕೇಳುವುದಿಲ್ಲ. ನೀವೇ ಪ್ರಕಟಿಸುವಾಗ ಕರಡು ತಿದ್ದುವವರಿಗೆ, ಮುಖಪುಟ ಮಾಡುವವರಿಗೆ, ಮುದ್ರಕರಿಗೆ ಆಯಾ ಕೆಲಸಕ್ಕೆ ಹಣ ಕೊಡುತ್ತೀರಿ. ಹಕ್ಕು ನಿಮ್ಮ ಹತ್ತಿರವೇ ಉಳಿಯುತ್ತದೆ. ಹಣವನ್ನೂ ಕೇಳಿ, ಹಕ್ಕನ್ನೂ ಕೇಳುವವರಿಂದ ದೂರ ಇರಿ.

ಪುಟ, ಮುಖಪುಟ, ಐಎಸ್‌ಬಿಎನ್

ಇ-ಪುಸ್ತಕಕ್ಕೆ ಇಪಬ್ ಫೈಲ್, ಮುದ್ರಣಕ್ಕೆ ಪಿಡಿಎಫ್. ಮೊದಲಿನಿಂದಲೂ ಯಾವ ಫೋನ್, ಕಂಪ್ಯೂಟರಿನಲ್ಲೂ ಓದಬಹುದಾದ ಯುನಿಕೋಡ್ ಅಕ್ಷರಗಳಲ್ಲೇ ಟೈಪ್ ಮಾಡಿದ್ದರೆ ಅರ್ಧ ತಲೆನೋವು ಕಡಿಮೆ. ಮುದ್ರಣದ ಪುಟದಲ್ಲಿ ಬೆನ್ನಿನ ಕಡೆಯ ಅಂಚು ಹೊರಗಿನ ಅಂಚಿಗಿಂತ ಜಾಸ್ತಿ ಇರಬೇಕು. ಇಲ್ಲದಿದ್ದರೆ ಅಕ್ಷರಗಳು ಹೊಲಿಗೆಯೊಳಗೆ ಮುಳುಗುತ್ತವೆ. ಚಿತ್ರಗಳು ಇಂಚಿಗೆ 300 ಚುಕ್ಕೆ ಇರಲಿ. ಮುಖಪುಟದ ಬಣ್ಣ ಪುಟದ ಅಂಚಿನಿಂದ ಸುಮಾರು 3 ಮಿಲಿಮೀಟರ್ ಆಚೆಗೂ ಚಾಚಿರಲಿ, ಕತ್ತರಿಸುವಾಗ ಬಿಳಿ ಗೆರೆ ಉಳಿಯುವುದಿಲ್ಲ. ಪುಸ್ತಕದ ಬೆನ್ನಿನ ಮೇಲೆ ಹೆಸರು ಬೇಕಿದ್ದರೆ ಕೆಡಿಪಿಯಲ್ಲಿ ಸುಮಾರು 80 ಪುಟವಾದರೂ ಬೇಕು.

ಮುಖಪುಟದ ಚಿತ್ರವನ್ನು ಸುಮ್ನೆ ಅಂತರ್ಜಾಲದಿಂದ ಎತ್ತಬೇಡಿ, ಅದಕ್ಕೂ ಒಬ್ಬರು ಹಕ್ಕುದಾರರಿದ್ದಾರೆ. ಹಾಡಿನ ಸಾಲುಗಳಿಗೂ ಇದೇ ಮಾತು. ಎಐ ಬರೆದ ಪಠ್ಯ ಅಥವಾ ಎಐ ಮಾಡಿದ ಚಿತ್ರ ಇದ್ದರೆ ಅದನ್ನು ತಿಳಿಸಬೇಕೆಂದು 2023ರಿಂದ ಕೆಡಿಪಿ ನಿಯಮ ಮಾಡಿದೆ.

ಐಎಸ್‌ಬಿಎನ್ ಅಂದರೆ 13 ಅಂಕಿಗಳ ಗುರುತು ಸಂಖ್ಯೆ. ಪೇಪರ್‌ಬ್ಯಾಕ್‌ಗೆ ಒಂದು, ಗಟ್ಟಿ ರಟ್ಟಿನ ಪ್ರತಿಗೆ ಇನ್ನೊಂದು. ಕೆಲವು ದೇಶಗಳು ಉಚಿತವಾಗಿ ಕೊಡುತ್ತವೆ, ಕೆಲವು ಕಡೆ ಕೊಳ್ಳಬೇಕು. ಕೆಡಿಪಿ ಕೊಡುವ ಉಚಿತ ಸಂಖ್ಯೆಯನ್ನು ಬೇರೆ ಕಡೆ ಮುದ್ರಿಸುವಾಗ ಬಳಸುವಂತಿಲ್ಲ.

ನಿಮ್ಮ ಬಗ್ಗೆ ಎಷ್ಟು ಹೇಳಬೇಕು?

ಲೇಖಕರ ಪರಿಚಯದಲ್ಲಿ ಮನೆ ವಿಳಾಸ, ಫೋನ್ ನಂಬರ್, ಶಾಲೆಯ ಹೆಸರು ಬೇಡ. ಓದುಗರಿಗಾಗಿ ಬೇರೆ ಇಮೇಲ್ ಮಾಡಿ, ಅದನ್ನು ಮನೆಯ ದೊಡ್ಡವರೂ ನೋಡಲಿ. ಕಾವ್ಯನಾಮ ಇಟ್ಟುಕೊಂಡರೂ ಸರಿ. ತರಗತಿಯವರನ್ನು ಪಾತ್ರ ಮಾಡಿದ್ದರೆ ಹೆಸರು ಬದಲಿಸಿದರೆ ಸಾಲದು, ಗುರುತು ಸಿಗದಂತೆ ಮಾಡಿ. ಅವರಿಗೂ ನಾಳೆ ಅದೇ ಬೆಂಚಿನಲ್ಲಿ ಕೂರಬೇಕಿದೆ.

ಮೊದಲ ಪ್ರತಿ, ಮೊದಲ ಓದುಗರು

ಮಾರಾಟಕ್ಕೆ ಬಿಡುವ ಮುಂಚೆ ಒಂದೇ ಒಂದು ಮಾದರಿ ಪ್ರತಿ ತರಿಸಿ. ಪರದೆಯಲ್ಲಿ ಹತ್ತು ಸಲ ಓದಿದರೂ ಕಾಣದ ತಪ್ಪು ಕಾಗದದಲ್ಲಿ ಕಾಣುತ್ತದೆ. ನನ್ನ ಮೊದಲ ಪುಸ್ತಕದಲ್ಲಿ ಪರಿವಿಡಿಯ ಪುಟಸಂಖ್ಯೆಗಳೆಲ್ಲ ಎರಡೆರಡು ಹಿಂದೆ ಉಳಿದಿದ್ದವು. ಕೊನೆ ಗಳಿಗೆಯಲ್ಲಿ ಅರ್ಪಣೆಯ ಪುಟ ಸೇರಿಸಿ, ಪರಿವಿಡಿ ತಿದ್ದಲು ಮರೆತಿದ್ದೆ. ಇನ್ನೂರು ಪ್ರತಿ ಅಚ್ಚಾದ ಮೇಲೆ ಗೊತ್ತಾಯಿತು. ಈಗಲೂ ಆ ಪುಟ ತೆರೆದರೆ ನೋವಾಗುತ್ತದೆ. ನಿಮಗೆ ಹಾಗಾಗದಿರಲಿ. ಬೇಡಿಕೆ ಬಂದಂತೆ ಒಂದೊಂದೇ ಪ್ರತಿ ಮುದ್ರಿಸುವ ವ್ಯವಸ್ಥೆ ಇರುವಾಗ ರಾಶಿ ಪ್ರತಿ ಹಾಕಿಸುವ ಅಗತ್ಯವೂ ಇಲ್ಲ.

ಓದುಗರು ತಾವಾಗಿ ಬರುವುದಿಲ್ಲ. 15ನೇ ವಯಸ್ಸಿನಲ್ಲಿ ಕಾದಂಬರಿ ಬರೆಯಲು ಕೂತ ಅಮೆರಿಕದ ಕ್ರಿಸ್ಟೋಫರ್ ಪಾವೊಲಿನಿಯ ಪುಸ್ತಕವನ್ನು 2002ರಲ್ಲಿ ಮನೆಯವರೇ ಹೊರತಂದರು. ಪಾವೊಲಿನಿ ಶಾಲೆ, ಗ್ರಂಥಾಲಯಗಳನ್ನು ಸುತ್ತಿ ಮಕ್ಕಳೆದುರು ಮಾತಾಡಿದರು. ದೊಡ್ಡ ಪ್ರಕಾಶನ ಸಂಸ್ಥೆ ಅದನ್ನು ಮತ್ತೆ ಹೊರತಂದದ್ದು 2003ರಲ್ಲಿ. ನೀವೂ ಹತ್ತಿರದ ಗ್ರಂಥಾಲಯದಲ್ಲಿ ಒಂದು ಓದು ಇಟ್ಟುಕೊಳ್ಳಬಹುದೇ ಅಂತ ಕೇಳಿ. ಒಂದು ಅಧ್ಯಾಯ ಸಾಕು, ಹತ್ತು ಮಂದಿ ಸಾಕು.

ತಪ್ಪು ತೋರಿಸಿದವರಿಗೆ ಥ್ಯಾಂಕ್ಸ್ ಹೇಳಿ, ಪುಟಸಂಖ್ಯೆ ಸಮೇತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಒಂದೊಂದಕ್ಕೂ ಫೈಲ್ ಬದಲಿಸುತ್ತಾ ಕೂರಬೇಡಿ. ಹತ್ತಿಪ್ಪತ್ತು ಸೇರಿದ ಮೇಲೆ ಒಟ್ಟಿಗೆ ತಿದ್ದಿ, ಹೊಸ ಫೈಲ್ ಹಾಕಿ.