ಫೋಕಸ್ ಸ್ಯಾಶ್ ಯಾರಿಗೆ ಕೊಡಬೇಕು?

ಪೋಕೆಮಾನ್ ಗೇಮ್‌ಗೆ ಹೊಸದಾಗಿ ಬಂದವರು, ಕಾಳಗದಲ್ಲಿ ಪೋಕೆಮಾನ್ ಜೊತೆಗಿಟ್ಟುಕೊಳ್ಳುವ ವಸ್ತುವಾದ ಫೋಕಸ್ ಸ್ಯಾಶ್ ಅನ್ನು ಸಿಕ್ಕಿದ ಪೋಕೆಮಾನ್‌ಗೆಲ್ಲ ಕಟ್ಟಿಬಿಡುತ್ತಾರೆ. ಸ್ವಲ್ಪ ನಿಲ್ಲಿ.

ಇದರ ಕೆಲಸ ಇಷ್ಟೇ: ಎಚ್‌ಪಿ (ಪೋಕೆಮಾನ್‌ನ ಜೀವಬಲದ ಅಂಕ) ಪೂರ್ತಿ ಇರುವಾಗ ಒಂದೇ ಏಟಿಗೆ ಬೀಳುವ ಹೊಡೆತ ಬಂದರೆ, 1 ಎಚ್‌ಪಿ ಉಳಿಸಿ ಸ್ಯಾಶ್ ಖಾಲಿಯಾಗುತ್ತದೆ. ಒಂದು ಪಾಯಿಂಟ್ ಕಮ್ಮಿ ಇದ್ದರೂ ಅದು ಸುಮ್ನೆ ಭಾರ. ಹಾಗಾಗಿ ಸ್ಟೀಲಿಕ್ಸ್ ಥರದ ಗಟ್ಟಿ ದೇಹದವರಿಗೆ ಬೇಡ. ವೇಗ ಇದ್ದು ಮೈ ಸೂಕ್ಷ್ಮ ಇರುವ ಅಲಕಜಾಮ್ ಥರದವರಿಗೆ ಕೊಡಿ. ಏಟು ತಿಂದು ಉಳಿದರೆ ತಿರುಗಿಸಿ ಹೊಡೆಯಲು ಒಂದು ಅವಕಾಶ ಸಿಗುತ್ತದೆ, ಅಷ್ಟೇ ಸಾಕು.

ಇದರ ದೊಡ್ಡ ಶತ್ರು ಸ್ಟೆಲ್ತ್ ರಾಕ್, ಅಂದರೆ ಎದುರಾಳಿಯ ಕಡೆ ಚೂಪು ಕಲ್ಲು ಹರಡುವ ಮೂವ್. ಒಳಗೆ ಬಂದ ಕೂಡಲೇ ಮಾಮೂಲಿ ಪೋಕೆಮಾನ್‌ಗೂ ಎಂಟನೇ ಒಂದು ಭಾಗ ಎಚ್‌ಪಿ ಹೋಗುತ್ತದೆ, ಸ್ಯಾಶ್ ಅಲ್ಲಿಗೇ ವ್ಯರ್ಥ. ಅದಕ್ಕೇ ನನ್ನ ಪ್ರಕಾರ ಸಿಂಗಲ್ಸ್‌ನಲ್ಲಿ (ಒಂದಕ್ಕೊಂದು ಕಾಳಗದಲ್ಲಿ) ಇದನ್ನು ಮೊದಲು ಇಳಿಸುವ ಪೋಕೆಮಾನ್‌ಗೇ ಕಟ್ಟುವುದು ಒಳ್ಳೇದು. ಮರಳು ಬಿರುಗಾಳಿಯೂ ಹಾಗೇ, ಪ್ರತಿ ಸುತ್ತಿನ ಕೊನೆಗೆ ಕಚ್ಚುತ್ತದೆ. ರಾಕ್, ಗ್ರೌಂಡ್, ಸ್ಟೀಲ್ ಟೈಪಿನವರಿಗೆ ಮಾತ್ರ ಚಿಂತೆ ಇಲ್ಲ.

ಒಂದೇ ಸಲಕ್ಕೆ ಹಲವು ಏಟು ಹೊಡೆಯುವ ಮೂವ್‌ಗಳ (ದಾಳಿಗಳ) ಮುಂದೆಯೂ ಇದು ನಡೆಯಲ್ಲ. ಬುಲೆಟ್ ಸೀಡ್‌ನ ಮೊದಲ ಏಟಿಗೆ ಎಚ್‌ಪಿ ಇಳಿಯುತ್ತದೆ, ಮುಂದಿನದಕ್ಕೆ ಕಥೆ ಮುಗಿಯುತ್ತದೆ. ಉರ್ಶಿಫು ಎಂಬ ಪೋಕೆಮಾನ್‌ನ ಸರ್ಜಿಂಗ್ ಸ್ಟ್ರೈಕ್ಸ್ ಅಂತೂ ಮೂರು ಏಟು, ಮೂರೂ ಕ್ರಿಟಿಕಲ್ (ಮಾಮೂಲಿಗಿಂತ ಜೋರಾದ ಏಟು). ಡಬಲ್ಸ್ (ಎರಡಕ್ಕೆರಡು ಕಾಳಗ) ಆಡುವವರು ಇದಕ್ಕೇ ಹೆದರುವುದು ಅಲ್ವಾ!

ಫೋಕಸ್ ಬ್ಯಾಂಡ್ ಬೇರೆ ವಸ್ತು. ಅದು ಎಷ್ಟು ಎಚ್‌ಪಿ ಇದ್ದರೂ ಕೆಲಸ ಮಾಡಬಹುದು, ಖರ್ಚೂ ಆಗಲ್ಲ, ಆದರೆ ಬರೀ 10% ಅದೃಷ್ಟ. ನಂಬಬೇಡಿ.