ಕೋರ್ಟ್ ಮೆಟ್ಟಿಲು ಹತ್ತದೆ ಅಪ್ಪನ ತೋಟ ಪಾಲು ಮಾಡಿಕೊಂಡ ಬಗೆ

ನಮ್ಮ ಮನೆಯಲ್ಲಿ ಜಗಳ ಶುರುವಾಗಿದ್ದು ಜಮೀನಿಗಲ್ಲ, ಆ ವರ್ಷದ ಕಾಫಿಗೆ. ಅಪ್ಪ ತೀರಿಕೊಂಡಿದ್ದು ನವೆಂಬರ್ ಕೊನೆಯಲ್ಲಿ. ಕೊಡಗಿನ ಮಾದಾಪುರದ ಕಡೆ ನಮ್ಮ ತೋಟ. ಅರೇಬಿಕಾ ಹಣ್ಣಾಗಿ ಗಿಡದಲ್ಲಿ ನಿಂತಿತ್ತು, ಅದು ಮುಗಿದರೆ ರೋಬಸ್ಟಾ, ಆಮೇಲೆ ಕಾಳುಮೆಣಸು. ತಿಥಿ ಮುಗಿಯುವ ಮೊದಲೇ ಯಾರು ಕೊಯ್ಯಿಸುವುದು, ದುಡ್ಡು ಯಾರ ಕೈಗೆ ಅನ್ನುವ ಮಾತು ಬಂತು. ಕಾಫಿಗೆ ಒಳ್ಳೆ ರೇಟ್ ಇದ್ದ ವರ್ಷ ಬೇರೆ.

ನಾವು ಮೂವರು. ಅಣ್ಣ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ತಮ್ಮ ಓದು ಮುಗಿಸಿದಾಗಿನಿಂದ ತೋಟದಲ್ಲೇ. ನಡುವಿನವಳು ನಾನು, ಕುಶಾಲನಗರದಲ್ಲಿ ಟೀಚರ್. ಅಣ್ಣ ತಮ್ಮ ಮುಖ ಕೊಟ್ಟು ಮಾತಾಡುವುದನ್ನೇ ನಿಲ್ಲಿಸಿದ ಮೇಲೆ ಕಾಗದಪತ್ರದ ಕೆಲಸವೆಲ್ಲ ನನ್ನ ತಲೆಗೆ ಬಿತ್ತು.

ಮೊದಲು ಮಾಡಿದ ಕೆಲಸ, ಕಾಫಿ ಹೂ ಅರಳಿಸುವ ಹೂ ಮಳೆ ಬರುವ ತನಕ ಪಾಲಿನ ಮಾತು ಎತ್ತಬಾರದು ಅಂತ ಇಬ್ಬರನ್ನೂ ಒಪ್ಪಿಸಿದ್ದು. ಕೊಯ್ಲು ತಮ್ಮನೇ ಮಾಡಿಸಲಿ, ದುಡ್ಡು ಅಮ್ಮನ ಖಾತೆಗೆ ಬರಲಿ. ಶನಿವಾರ ಬಟವಾಡೆ ಆದ ಮೇಲೆ ತಮ್ಮ ಲೆಕ್ಕದ ಪುಸ್ತಕದ ಪುಟವನ್ನು ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಎಷ್ಟು ಆಳು, ಎಷ್ಟು ಕೆಜಿ ಕೊಯ್ದರು, ಕೂಲಿ ಎಷ್ಟು, ಕಣದಿಂದ ಎಷ್ಟು ಮೂಟೆ ಒಳಗೆ ಹೋಯಿತು, ಎಲ್ಲ. ಆ ಗ್ರೂಪಿನಲ್ಲಿ ಲೆಕ್ಕ ಬಿಟ್ಟು ಬೇರೆ ಏನೂ ಬರೆಯುವ ಹಾಗಿಲ್ಲ, ಗುಡ್ ಮಾರ್ನಿಂಗ್ ಕೂಡ. ಅಣ್ಣ ಮೊದಮೊದಲು ಪ್ರತಿ ಪುಟಕ್ಕೂ ಕೊಕ್ಕೆ ಹಾಕುತ್ತಿದ್ದ, ಡೀಸೆಲ್ ಯಾಕೆ ಇಷ್ಟು, ಆಳು ಯಾಕೆ ಕಮ್ಮಿ ಅಂತ. ಜನವರಿ ಹೊತ್ತಿಗೆ ಸುಮ್ಮನಾದ. ಕೂಲಿ ಎಷ್ಟು ಏರಿದೆ, ಹರಡಿದ ಕಾಫಿ ಮೇಲೆ ಅಕಾಲ ಮಳೆ ಬಿದ್ದರೆ ಎಷ್ಟು ಜನ ಓಡಬೇಕು ಅನ್ನೋದೆಲ್ಲ ಅವನಿಗೆ ಗೊತ್ತಾಗಿದ್ದು ಆ ಪುಟಗಳಿಂದಲೇ.

ಅಪ್ಪನ ಎಫ್‌ಡಿಗೆ ಅಣ್ಣ ನಾಮಿನಿ. ‘ನನ್ನ ಹೆಸರಿದೆ ಅಂದ್ರೆ ನನ್ನದೇ ಅಲ್ವಾ’ ಅಂದ. ಅಲ್ಲ. ನಾಮಿನಿ ಬ್ಯಾಂಕಿನಿಂದ ದುಡ್ಡು ತಗೊಳ್ಳಬಹುದು, ಅಷ್ಟೇ. ಆ ದುಡ್ಡು ಎಲ್ಲ ವಾರಸುದಾರರಿಗೂ ಸೇರಿದ್ದು. ಬ್ಯಾಂಕ್ ಖಾತೆ ವಿಷಯದಲ್ಲಿ 2010ರಲ್ಲೇ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ. ಇದನ್ನು ನಾನು ಹೇಳಿದಾಗ ಅಣ್ಣ ನಂಬಲಿಲ್ಲ, ಮಡಿಕೇರಿಯ ವಕೀಲರು ಹೇಳಿದಾಗ ನಂಬಿದ. ವಕೀಲರು ಒಬ್ಬರೇ, ಫೀಸು ಮೂವರದೂ ಸೇರಿ. ತಲೆಗೊಬ್ಬ ವಕೀಲರನ್ನು ಹಿಡಿದಿದ್ದರೆ ನಾವು ಈಗಲೂ ವಾಯಿದೆಗೆ ಅಲೆಯುತ್ತಿರುತ್ತಿದ್ದೆವು.

ತಮ್ಮನ ಹತ್ತಿರವೂ ಒಂದು ಅಸ್ತ್ರ ಇತ್ತು. ಅಪ್ಪನ ಡೈರಿಯ ಹಾಳೆ. ‘ಕೆಳಗಿನ ತೋಟ ಚಿಕ್ಕವನಿಗೆ’ ಅಂತ ಹಸಿರು ಇಂಕಿನಲ್ಲಿ ಅಪ್ಪನದೇ ಅಕ್ಷರ, ಅದರ ಕೆಳಗೆ ಗೊಬ್ಬರದ ಮೂಟೆಯ ಲೆಕ್ಕ. ವಿಲ್ ರಿಜಿಸ್ಟರ್ ಆಗಲೇಬೇಕು ಅಂತೇನಿಲ್ಲ, ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ. ಆದರೆ ಬರೆಸಿದವರ ಸಹಿ ಬೇಕು, ಇಬ್ಬರು ಸಾಕ್ಷಿಗಳ ಸಹಿ ಬೇಕು. ಇದರಲ್ಲಿ ಎರಡೂ ಇಲ್ಲ. ಅಣ್ಣ ಅದನ್ನು ಹರಿದು ಬಿಸಾಕು ಅಂದ. ನಾನು ಎತ್ತಿಟ್ಟುಕೊಂಡೆ. ಕಾನೂನಿಗೆ ಅದು ಬೇಡ, ಆದರೆ ಅಪ್ಪನ ಮನಸ್ಸಿನಲ್ಲಿ ಏನಿತ್ತು ಅನ್ನೋದು ಅದರಲ್ಲಿತ್ತಲ್ಲ.

ವಿಲ್ ಇಲ್ಲ ಅಂದ ಮೇಲೆ ಲೆಕ್ಕ ಸುಲಭ. ತೋಟ ಅಪ್ಪ ದುಡಿದು ಕೊಂಡಿದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು ಎಲ್ಲರಿಗೂ ಸಮಪಾಲು. ಅಜ್ಜಿ ಬದುಕಿದ್ದಿದ್ದರೆ ಅವರಿಗೂ ಒಂದು. ನಮ್ಮಲ್ಲಿ ನಾಲ್ಕು ಪಾಲು. ಹೆಣ್ಣು ಮಕ್ಕಳಿಗೆ ಹಕ್ಕು ಬಂದಿದ್ದೇ 2005ರಲ್ಲಿ ಅಂತ ತುಂಬಾ ಜನ ಹೇಳುತ್ತಾರೆ, ಅದು ಪಿತ್ರಾರ್ಜಿತದ ಮಾತು. ಅಪ್ಪನ ಸ್ವಂತ ಗಳಿಕೆಯಲ್ಲಿ, ವಿಲ್ ಇಲ್ಲದಿದ್ದರೆ, 1956ರಿಂದಲೂ ಮಗಳು ಮಗ ಒಂದೇ. ಜಮ್ಮಾ ಆಸ್ತಿ, ಅಂದರೆ ಕೊಡಗಿನಲ್ಲಿ ತಲೆಮಾರಿನಿಂದ ಬಂದ ವಿಶೇಷ ಹಿಡುವಳಿ, ಇರುವವರು ಮಾತ್ರ ನನ್ನ ದಾರಿ ಹಿಡಿದು ಹೊರಡಬೇಡಿ. ಅಲ್ಲಿ ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರು, ಒಕ್ಕದ (ಇಡೀ ಮನೆತನದ) ಹಕ್ಕು, ಎಂದೋ ತೀರಿಕೊಂಡವರ ಹೆಸರು, ಅದೇ ಬೇರೆ ಕಥೆ.

ಇನ್ನು ನನ್ನ ಪಾಲು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಬಿಡು, ತವರಿನ ಬಾಗಿಲು ತೆರೆದಿರುತ್ತೆ ಅಂತ ಒಬ್ಬರಲ್ಲ ಒಬ್ಬರು ನೆಂಟರು ಬಂದು ಹೇಳಿದರು. ಅಣ್ಣ ನನ್ನ ಮದುವೆಯ ಖರ್ಚು ತೆಗೆದ. ನಾನು ಜಗಳ ಆಡಲಿಲ್ಲ. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿದೆ. ನನ್ನ ಕಾಲಂನಲ್ಲಿ ಮದುವೆ, ಚಿನ್ನ. ಅಣ್ಣನ ಕಾಲಂನಲ್ಲಿ ಇಂಜಿನಿಯರಿಂಗ್ ಸೀಟು, ಬೆಂಗಳೂರಿನ ಸೈಟಿಗೆ ಅಪ್ಪ ಕೊಟ್ಟ ದುಡ್ಡು. ತಮ್ಮನ ಕಾಲಂನಲ್ಲಿ ಜೀಪು, ಮತ್ತೆ ಅವನು ಅರ್ಧಕ್ಕೆ ಬಿಟ್ಟ ಹೋಂಸ್ಟೇ. ಕಾನೂನಿನಲ್ಲಿ ಮದುವೆ ಖರ್ಚನ್ನು ಪಾಲಿನಲ್ಲಿ ಕಳೆಯುವ ಹಾಗಿಲ್ಲ, ಆದರೂ ಬರೆದೆ. ಹಾಳೆ ಊಟದ ಮೇಜಿನ ಮೇಲಿಟ್ಟೆ. ಅಣ್ಣ ಎರಡು ಸಲ ಓದಿ ಮಡಚಿಟ್ಟ, ಆಮೇಲೆ ಆ ಮಾತೇ ಬರಲಿಲ್ಲ. ತಮ್ಮ ಇಷ್ಟು ವರ್ಷ ತೋಟ ನೋಡಿಕೊಂಡಿದ್ದಕ್ಕೆ ಏನು ಅನ್ನೋದು ಮಾತ್ರ ನ್ಯಾಯವಾದ ಪ್ರಶ್ನೆ ಅಂತ ನನಗೆ ಅನ್ನಿಸಿತು. ಅದಕ್ಕೆ ಕಾಯ್ದೆ ಹೆಚ್ಚಿನ ಪಾಲು ಕೊಡುವುದಿಲ್ಲ. ನಾವು ಕೊಟ್ಟೆವು: ಆ ವರ್ಷದ ಫಸಲಿನಲ್ಲಿ ಸಾಲದ ಕಂತು, ಅಮ್ಮನ ಖರ್ಚು ಕಳೆದು ಉಳಿದಿದ್ದು ಮತ್ತು ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್, ಸ್ಪ್ರಿಂಕ್ಲರ್ ಪೈಪು, ಮೋಟಾರು ಎಲ್ಲ ಅವನಿಗೆ.

ನಿಜವಾದ ತಲೆನೋವು ಜಮೀನಿನದು. 12 ಎಕರೆ, ನಾಲ್ಕರಿಂದ ಭಾಗಿಸಿದರೆ ಮೂರು ಮೂರು, ಮುಗೀತಲ್ಲ ಅಂತ ಅಣ್ಣ. ತೋಟದಲ್ಲಿ ಎಕರೆಗೆ ಎಕರೆ ಸಮ ಅಲ್ಲ. ಮೇಲಿನ ಬರೆ (ಗುಡ್ಡದ ಇಳಿಜಾರು) 2018ರ ಆಗಸ್ಟ್ ಮಳೆಗೆ ಕುಸಿದು ಅಲ್ಲಿ ಇವತ್ತಿಗೂ ಗಿಡ ನಿಲ್ಲುವುದಿಲ್ಲ. ನಡುವೆ ಮನೆ, ಕಣ, ಹಳೇ ಅರೇಬಿಕಾ, ಕಾಂಡಕೊರಕ ಹುಳು ಹೊಡೆದು ಗಿಡಗಳ ನಡುವೆ ಗ್ಯಾಪ್ ಜಾಸ್ತಿ. ಕೆಳಗಡೆ ರೋಬಸ್ಟಾ, ಕೆರೆ, ರಸ್ತೆ ಪಕ್ಕ, ಪ್ರತಿ ಮರಕ್ಕೂ ಮೆಣಸಿನ ಬಳ್ಳಿ, ಆದರೆ ಹಲಸು ಹಣ್ಣಾಗುವ ಹೊತ್ತಿಗೆ ಆನೆ ಇಳಿಯುವುದೂ ಅಲ್ಲೇ. ನಾವು ನಾಲ್ಕೂ ಜನ, ಜೊತೆಗೆ ಪಕ್ಕದ ತೋಟದ ಹಿರಿಯರೊಬ್ಬರು, ಅಪ್ಪನ ಹಳೇ ಲೆಕ್ಕದ ಪುಸ್ತಕ ಹಿಡಿದು ಬ್ಲಾಕ್ ಬ್ಲಾಕ್ ನಡೆದೆವು. ಪುಸ್ತಕದಲ್ಲಿ ಯಾವ ಬ್ಲಾಕಿನಲ್ಲಿ ಯಾವ ವರ್ಷ ಎಷ್ಟು ಮೂಟೆ ಅಂತ ಇತ್ತು. ಪುಸ್ತಕದಲ್ಲಿ ಇಲ್ಲದ್ದು ಅಮ್ಮನಿಗೆ ಗೊತ್ತಿತ್ತು, ಯಾವ ಮೂಲೆಯಲ್ಲಿ ಮಾರ್ಚ್‌ನಲ್ಲೂ ನೆಲ ತಣ್ಣಗಿರುತ್ತೆ, ಯಾವ ಸಾಲಿಗೆ ನೆರಳು ಸಾಲದು ಅಂತ. ನಡೆಯುವಾಗ ಸಿಲ್ವರ್ ಮರಗಳ ಮೇಲೆ ಬಿಳಿ ಪೇಂಟಿನಲ್ಲಿ ನಂಬರ್ ಕಂಡಿತು. ಅಣ್ಣ ಯಾರಿಗೂ ಹೇಳದೆ ಮರದ ವ್ಯಾಪಾರಿಯನ್ನು ಕರೆಸಿದ್ದ. ಅವತ್ತು ಅಮ್ಮ ಮೊದಲ ಸಲ ದನಿ ಏರಿಸಿದರು. ಪಾಲಾಗುವ ತನಕ ಒಂದು ಕೊಂಬೆಯೂ ಕಡಿಯಬಾರದು ಅಂತ ಎಲ್ಲರ ಹತ್ತಿರ ಬರೆಸಿ ಸಹಿ ಹಾಕಿಸಿದ್ದು ಆಮೇಲೆ.

ಬೆಲೆ ಕಟ್ಟುವುದಕ್ಕೆ ಒಂದು ಉಪಾಯ ಮಾಡಿದೆವು. ಪ್ರತಿ ಬ್ಲಾಕಿಗೂ ಒಬ್ಬೊಬ್ಬರು ಚೀಟಿಯಲ್ಲಿ ರೇಟ್ ಬರೆಯಬೇಕು, ಆ ರೇಟಿಗೆ ತಗೊಳ್ಳೋಕೂ ತಯಾರು, ಬಿಟ್ಟುಕೊಡೋಕೂ ತಯಾರು ಅನ್ನುವಂಥ ರೇಟ್. ಹಾಗೆ ಬರೆಯುವಾಗ ಯಾರೂ ಜಾಸ್ತಿ ಉಬ್ಬಿಸುವುದಿಲ್ಲ, ಜಾಸ್ತಿ ಇಳಿಸುವುದೂ ಇಲ್ಲ. ಸರಾಸರಿ ಹಿಡಿದೆವು. ಡೈರಿ ಹಾಳೆ ಆಗ ಹೊರಗೆ ಬಂತು. ಅಪ್ಪನ ಮಾತಿನಂತೆ ಕೆಳಗಿನ ತೋಟ ತಮ್ಮನಿಗೆ, ಆದರೆ ಸುಮ್ನೆ ಅಲ್ಲ, ಪೂರ್ತಿ ಬೆಲೆ ಲೆಕ್ಕಕ್ಕೆ ಬರಬೇಕು. ಅವನ ಪಾಲಿಗಿಂತ ಹೆಚ್ಚಾದದ್ದನ್ನು ಮೂರು ಫಸಲಿನಲ್ಲಿ, ಕಾಫಿ ಮಾರಿದ ಮೇಲೆ ಅಣ್ಣನಿಗೆ ಕಟ್ಟುವುದು. ಅಣ್ಣನಿಗೆ ಬೇಕಾಗಿದ್ದೂ ದುಡ್ಡೇ, ಗಿಡ ಅಲ್ಲ. ಇದನ್ನು ಬಾಯಿಮಾತಿಗೆ ಬಿಡದೆ ವಿಭಾಗ ಪತ್ರದಲ್ಲೇ ಬರೆಸಿದೆ. ಮಾರುವುದಾದರೆ ಮೊದಲು ಒಡಹುಟ್ಟಿದವರನ್ನು ಕೇಳಬೇಕು ಅಂತಲೂ.

ಅಮ್ಮನ ಪಾಲು ಮನೆ ಮತ್ತು ಕಣ ಇರುವ ಜಾಗ. ನಾವು ನೋಡ್ಕೋತೀವಿ, ಅಮ್ಮನಿಗೆ ಜಮೀನು ಯಾಕೆ ಅಂತ ಇಬ್ಬರೂ ಒಂದೇ ದನಿಯಲ್ಲಿ ಹೇಳಿದ್ದು ಇದೊಂದು ವಿಷಯಕ್ಕೆ. ನಾನು ಬಗ್ಗಲಿಲ್ಲ. ಪಹಣಿಯಲ್ಲಿ ಅಮ್ಮನ ಹೆಸರೇ ಬರಬೇಕು. ಮುಂದೆ ಯಾರಿಗಾದರೂ ದಾನ ಪತ್ರ ಮಾಡುವುದಾದರೆ, ನೋಡಿಕೊಳ್ಳಬೇಕು ಅನ್ನುವ ಷರತ್ತು ಅದರಲ್ಲೇ ಬರೆಸಿ ಅಂತ ವಕೀಲರು ಅಮ್ಮನಿಗೇ ಹೇಳಿದರು. ಷರತ್ತು ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ದೂರು ಕೊಟ್ಟು ಆ ಪತ್ರವನ್ನೇ ರದ್ದು ಮಾಡಿಸಬಹುದು.

ಕಚೇರಿ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮರಣ ಪ್ರಮಾಣಪತ್ರದ ಪ್ರತಿ ನಾಲ್ಕೈದು ಒಟ್ಟಿಗೇ ತಗೊಳ್ಳಿ. ವಂಶವೃಕ್ಷಕ್ಕೆ ನಾಡಕಚೇರಿ, ಅದರಲ್ಲಿ ಮದುವೆಯಾದ ಹೆಣ್ಣು ಮಕ್ಕಳ ಹೆಸರು ಬಿಟ್ಟಿಲ್ಲ ತಾನೇ ಅಂತ ನೋಡಿ. ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಮಾಡಿಸುವುದು, ನಾಲ್ವರ ಹೆಸರೂ ಜಂಟಿಯಾಗಿ. ಆಮೇಲೆ ಸರ್ವೆಯವರಿಂದ ಪಾಲುಗಳ ಗಡಿ ತೋರಿಸುವ 11ಇ ನಕ್ಷೆ, ನಕ್ಷೆ ಕೈಗೆ ಬಂದ ಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಭಾಗ ಪತ್ರ, ಕೊನೆಗೆ ಮ್ಯುಟೇಶನ್, ಅಂದರೆ ಪಹಣಿಯಲ್ಲಿ ಹೆಸರು ಬದಲಾವಣೆ. ಪಹಣಿಯ 11ನೇ ಕಾಲಂನಲ್ಲಿ ಅಪ್ಪನ ಬೆಳೆ ಸಾಲ ಕೂತಿತ್ತು, ಅದನ್ನು ಮೊದಲೇ ತೀರಿಸಿದ್ದರಿಂದ ಅಲ್ಲಿ ತಕರಾರು ಬರಲಿಲ್ಲ.

ಉಳಿದಿರುವುದು ಕೋವಿ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ನಮಗಿಲ್ಲ, ಅಪ್ಪನದು ಲೈಸೆನ್ಸ್ ಕೋವಿ. ಲೈಸೆನ್ಸ್ ಇದ್ದವರು ತೀರಿಕೊಂಡರೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಠಾಣೆಯಲ್ಲಿ ಜಮಾ ಮಾಡಿ ರಸೀದಿ ತಗೊಂಡೆವು. ತೋಟ ಇಷ್ಟು ಸಲೀಸಾಗಿ ಬಿಟ್ಟುಕೊಟ್ಟ ಅಣ್ಣ ಕೋವಿಗೆ ಮಾತ್ರ ಪಟ್ಟು ಹಿಡಿದಿದ್ದಾನೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅದನ್ನಿಟ್ಟುಕೊಂಡು ಏನು ಮಾಡುತ್ತೀಯಾ ಅಂದರೆ ಉತ್ತರ ಇಲ್ಲ. ತಮ್ಮ ಅರ್ಜಿ ಬರೆದಿಟ್ಟಿದ್ದಾನೆ, ಅಣ್ಣನ ಒಪ್ಪಿಗೆ ಪತ್ರಕ್ಕೆ ಕಾಯುತ್ತಿದ್ದೇವೆ.